ಚುಕ್ಕಿ, ಮಾತ್ರೆ, ಕವಡೆ: ಗಣಿತ ಆಡುವ ಜಾಗಗಳು

ತಪ್ಪು ಕಲ್ಪನೆ: ಚಕಚಕನೆ ಬಾಯಿಲೆಕ್ಕ ಹೇಳುವವರೇ ಗಣಿತದಲ್ಲಿ ಜಾಣರು.

ವಾಸ್ತವ: ಬಾಯಿಲೆಕ್ಕ ಅಪರೂಪದ ಕೌಶಲ, ಅದರಲ್ಲಿ ಅನುಮಾನವಿಲ್ಲ. ಬೆಂಗಳೂರಿನಲ್ಲಿ ಹುಟ್ಟಿದ ಶಕುಂತಲಾ ದೇವಿ 1980ರಲ್ಲಿ ಲಂಡನ್ನಿನಲ್ಲಿ 13 ಅಂಕಿಗಳ ಎರಡು ಸಂಖ್ಯೆಗಳನ್ನು 28 ಸೆಕೆಂಡಿನಲ್ಲಿ ಗುಣಿಸಿದರು. ಆದರೆ ಗಣಿತಕ್ಕೆ ವೇಗಕ್ಕಿಂತ ಹೆಚ್ಚಾಗಿ ಬೇಕಾದದ್ದು ಕುತೂಹಲ. ನಾಸಿಕದ ಹತ್ತಿರದ ದೇವಲಾಲಿಯಲ್ಲಿ ಶಾಲಾ ಮೇಷ್ಟ್ರಾಗಿದ್ದ ಡಿ. ಆರ್. ಕಾಪ್ರೇಕರ್ ಅಂಕಿಗಳ ಜೊತೆ ಆಡುತ್ತಲೇ ಬದುಕಿದವರು. 1949ರಲ್ಲಿ ಅವರಿಗೆ ಸಿಕ್ಕ ಒಂದು ಆಟ ಹೀಗಿದೆ. ನಾಲ್ಕಂಕಿಯ ಸಂಖ್ಯೆಯೊಂದನ್ನು ತೆಗೆದುಕೊಳ್ಳಿ, ನಾಲ್ಕೂ ಅಂಕಿ ಒಂದೇ ಆಗಿರಬಾರದು ಅಷ್ಟೆ. ಅಂಕಿಗಳನ್ನು ಇಳಿಕೆ ಕ್ರಮದಲ್ಲಿ ಬರೆದು, ಅದರಿಂದ ಏರಿಕೆ ಕ್ರಮದ್ದನ್ನು ಕಳೆಯಿರಿ. ಬಂದ ಉತ್ತರಕ್ಕೂ ಹಾಗೇ ಮಾಡಿ. ಕರ್ನಾಟಕ ಒಂದಾದ 1956ನ್ನೇ ನೋಡೋಣ:

9651 – 1569 = 8082
8820 – 0288 = 8532
8532 – 2358 = 6174

ಇನ್ನು ಮುಂದೆ ಎಷ್ಟು ಸಲ ಕಳೆದರೂ 6174 ಕದಲುವುದಿಲ್ಲ. ಯಾವ ಸಂಖ್ಯೆಯಿಂದ ಹೊರಟರೂ ಏಳು ಹೆಜ್ಜೆಯೊಳಗೆ ಇಲ್ಲಿಗೇ ಬಂದು ನಿಲ್ಲುತ್ತೇವೆ. ಇದಕ್ಕೆ ಬೇಕಾದದ್ದು ಮೂರನೇ ತರಗತಿಯ ಕಳೆಯುವ ಲೆಕ್ಕ, ಜೊತೆಗೆ "ಮುಂದೇನಾಗುತ್ತೆ ನೋಡೋಣ" ಎನ್ನುವ ಮನಸ್ಸು.

ತಪ್ಪು ಕಲ್ಪನೆ: ಗಣಿತ ಪುಸ್ತಕದಲ್ಲಿದೆ, ಬಾಗಿಲ ಮುಂದಿನ ರಂಗೋಲಿ ಬರೀ ಅಲಂಕಾರ.

ವಾಸ್ತವ: ಒಂದು, ಮೂರು, ಐದು, ಏಳು, ಮತ್ತೆ ಐದು, ಮೂರು, ಒಂದು. ಹೀಗೆ ಸಾಲಾಗಿ ಇಟ್ಟ ಚುಕ್ಕಿಗಳು ಒಟ್ಟು ಎಷ್ಟು? ಕೂಡಿದರೆ 25. ಈಗ ಕೂಡುವುದನ್ನು ಬಿಟ್ಟು, ಕತ್ತು ಸ್ವಲ್ಪ ವಾಲಿಸಿ ಅದೇ ಚುಕ್ಕಿಗಳನ್ನು ಓರೆಯಾಗಿ ನೋಡಿ. ನಾಲ್ಕು ಚುಕ್ಕಿಯ ಸಾಲು, ಅದರ ಪಕ್ಕ ಮೂರು ಚುಕ್ಕಿಯದು, ಮತ್ತೆ ನಾಲ್ಕರದು. ನಾಲ್ಕರ ಸಾಲುಗಳು ನಾಲ್ಕು, ಮೂರರ ಸಾಲುಗಳು ಮೂರು. ಅಂದರೆ 16 ಚುಕ್ಕಿಗಳ ಒಂದು ಚೌಕದ ಸಂದುಗಳಲ್ಲಿ 9 ಚುಕ್ಕಿಗಳ ಇನ್ನೊಂದು ಚೌಕ ಕೂತಿದೆ. ಬೆಸಸಂಖ್ಯೆಗಳನ್ನು ಒಂದರಿಂದ ಕೂಡುತ್ತಾ ಹೋದರೆ ವರ್ಗಸಂಖ್ಯೆಗಳೇ ಬರುತ್ತವೆ ಎಂಬ ಪಾಠ ಇಲ್ಲಿ ಕಣ್ಣಿಗೇ ಕಾಣುತ್ತದೆ. ನಡುಸಾಲಿನಲ್ಲಿ 15 ಚುಕ್ಕಿ ಇದ್ದರೆ? ಎಂಟರ ಚೌಕ, ಏಳರ ಚೌಕ. 64ಕ್ಕೆ 49 ಸೇರಿ 113. ಚುಕ್ಕಿ ಎಣಿಸುವ ಕೆಲಸವೇ ಇಲ್ಲ.

ಚುಕ್ಕಿಗಳನ್ನು ಬಳಸಿಕೊಂಡು ಕೈ ಎತ್ತದೆ ಎಳೆಯುವ ಎಳೆ ರಂಗೋಲಿಯಂತೂ ಇನ್ನೂ ಸೊಗಸು. ಹೊರಟ ಜಾಗಕ್ಕೇ ಎಳೆ ಮರಳಬೇಕು, ಒಂದು ಚುಕ್ಕಿಯೂ ಹೊರಗೆ ಉಳಿಯಬಾರದು. 1970ರ ದಶಕದಲ್ಲಿ ಮದ್ರಾಸ್ ಕ್ರಿಶ್ಚಿಯನ್ ಕಾಲೇಜಿನ ಗಿಫ್ಟ್ ಸಿರೊಮನಿ ಮತ್ತು ಸಂಗಡಿಗರು ತಮಿಳುನಾಡಿನ ರಂಗೋಲಿಗಳಾದ ಕೋಲಂಗಳನ್ನು ಅಭ್ಯಾಸ ಮಾಡಿ, ಅವುಗಳಿಗೆ ಕಂಪ್ಯೂಟರ್ ವಿಜ್ಞಾನದ ವ್ಯಾಕರಣ ಬರೆದರು. ಬೆಳಗಿನ ಹೊತ್ತು ಕೋಲಂ ಬಿಡಿಸುತ್ತಿದ್ದ ಹೆಂಗಸರ ಬೆರಳಿಗೆ ಆ ವ್ಯಾಕರಣ ಮೊದಲೇ ಗೊತ್ತಿತ್ತು. ಅವರನ್ನು "ಲೆಕ್ಕ ಬಾರದವರು" ಎಂದು ಕರೆದದ್ದು ನಮ್ಮ ಅನ್ಯಾಯ.

ತಪ್ಪು ಕಲ್ಪನೆ: ಕಾವ್ಯಕ್ಕೂ ಗಣಿತಕ್ಕೂ ಎಣ್ಣೆ ಸೀಗೆಕಾಯಿ.

ವಾಸ್ತವ: ಪದ್ಯದ ಲೆಕ್ಕದಲ್ಲಿ ಲಘು ಅಕ್ಷರಕ್ಕೆ ಒಂದು ಮಾತ್ರೆ, ಗುರು ಅಕ್ಷರಕ್ಕೆ ಎರಡು. ನಾಲ್ಕು ಮಾತ್ರೆಯ ಗಣವನ್ನು ಎಷ್ಟು ಬಗೆಯಲ್ಲಿ ತುಂಬಬಹುದು? ನಾಲ್ಕೂ ಲಘು, ಇಲ್ಲವೇ ಎರಡು ಗುರು. ಒಂದು ಗುರು ಎರಡು ಲಘು ಆದರೆ ಗುರು ಮೊದಲು, ನಡುವೆ ಅಥವಾ ಕೊನೆಗೆ. ಒಟ್ಟು ಐದು. ಲಲಿತ ರಗಳೆಯ ಐದು ಮಾತ್ರೆಗೆ ಬಂದರೆ, ಗಣ ಲಘುವಿನಲ್ಲಿ ಮುಗಿದಾಗ ಹಿಂದೆ ನಾಲ್ಕು ಮಾತ್ರೆ ಉಳಿಯುತ್ತದೆ, ಅದಕ್ಕೆ ಐದು ಬಗೆ. ಗುರುವಿನಲ್ಲಿ ಮುಗಿದಾಗ ಮೂರು ಮಾತ್ರೆ, ಅದಕ್ಕೆ ಮೂರು ಬಗೆ. ಒಟ್ಟು ಎಂಟು. (ಲಘುವಿನ ಮೇಲೆ ಗುರು ಬರುವ ಆರಂಭವನ್ನು ಕನ್ನಡದ ಕಿವಿ ಅಷ್ಟಾಗಿ ಒಪ್ಪುವುದಿಲ್ಲ, ಆ ಮಾತು ಬೇರೆ.) ಒಂದು ಮಾತ್ರೆಯಿಂದ ಮೊದಲಾಗಿ ಬಗೆಗಳನ್ನು ಸಾಲಾಗಿ ಬರೆದರೆ 1, 2, 3, 5, 8, 13... ಜಗತ್ತು ಫಿಬೊನಾಚಿಯ ಹೆಸರಿನಲ್ಲಿ ಕರೆಯುವ ಈ ಸರಣಿಯನ್ನು, ಅವನ 1202ರ ಪುಸ್ತಕಕ್ಕಿಂತ ಮೊದಲೇ ವಿರಹಾಂಕ, ಹೇಮಚಂದ್ರರಂಥ ಛಂದಶ್ಶಾಸ್ತ್ರಜ್ಞರು ಪದ್ಯದ ಲಯ ಎಣಿಸುತ್ತಾ ಕಂಡುಕೊಂಡಿದ್ದರು.

ತಪ್ಪು ಕಲ್ಪನೆ: ಕವಡೆ ಆಟ ಪೂರ್ತಿ ಅದೃಷ್ಟ.

ವಾಸ್ತವ: ಚೌಕಾಬಾರದಲ್ಲಿ ನಾಲ್ಕು ಕವಡೆ ಬೀಳುವ ಬಗೆ 16. ಪ್ರತಿ ಕವಡೆಯೂ ಅಂಗಾತ, ಬೋರಲು ಎರಡಕ್ಕೂ ಸಮನಾಗಿ ಬೀಳುವುದಾದರೆ ಆ ಹದಿನಾರರಲ್ಲಿ ಆರು ಸಲ "ಎರಡು". ನಾಲ್ಕೂ ಒಂದೇ ಬಗೆಯಲ್ಲಿ ಬೀಳಬೇಕಾದ ಚೌಕ, ಬಾರ ಒಂದೊಂದೇ ಸಲ. ನಿಜವಾದ ಕವಡೆ ಅಷ್ಟು ಸಮನಾಗಿ ಬೀಳುವುದಿಲ್ಲ. ಪಳಗಿದ ಆಟಗಾರರು ತಮ್ಮ ಕವಡೆಯ ಸ್ವಭಾವ ತಿಳಿದು ಕಾಯಿ ನಡೆಸುತ್ತಾರೆ.

ತಪ್ಪು ಕಲ್ಪನೆ: ಗಣಿತಕ್ಕೆ ಆಟ ಬೆರೆಸುವುದು ಮಕ್ಕಳನ್ನು ಸೆಳೆಯಲು ಈಚೆಗೆ ಹೂಡಿದ ಉಪಾಯ.

ವಾಸ್ತವ: ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು 850ರಲ್ಲಿ, ಮಹಾವೀರಾಚಾರ್ಯರು ಬರೆದ 'ಗಣಿತಸಾರಸಂಗ್ರಹ'ದಲ್ಲಿ ಸಂಖ್ಯೆಗಳ ಹಾರಗಳೇ ಇವೆ. 139ನ್ನು 109ರಿಂದ ಗುಣಿಸಿ: 15151. ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ. 152207ನ್ನು 73ರಿಂದ ಗುಣಿಸಿದರೆ 11111111. ಇವುಗಳಿಂದ ಯಾವ ವ್ಯಾಪಾರವೂ ನಡೆಯುವುದಿಲ್ಲ. ಚೆಂದಕ್ಕಾಗಿಯೇ ಕಟ್ಟಿದವು ಇವು. ಬಡ್ಡಿ ಲೆಕ್ಕ, ಗುಂಡಿ ತೋಡುವ ಲೆಕ್ಕಗಳಿರುವ ಗ್ರಂಥದಲ್ಲೇ ಇವಕ್ಕೂ ಆಚಾರ್ಯರು ಜಾಗ ಕೊಟ್ಟರು ಎಂಬುದು ನನಗೆ ಬಹಳ ದೊಡ್ಡ ವಿಷಯ.

ತಪ್ಪು ಕಲ್ಪನೆ: ಕಂಡುಹಿಡಿಯುವುದೆಲ್ಲ ಮುಗಿದಿದೆ, ಉಳಿದದ್ದು ಪಂಡಿತರಿಗೆ.

ವಾಸ್ತವ: ಎರಡಕ್ಕಿಂತ ದೊಡ್ಡದಾದ ಪ್ರತಿ ಸಮಸಂಖ್ಯೆಯೂ ಎರಡು ಅವಿಭಾಜ್ಯ ಸಂಖ್ಯೆಗಳ ಮೊತ್ತವೇ? 1742ರ ಈ ಪ್ರಶ್ನೆಗೆ ಇವತ್ತಿಗೂ ಸಾಧನೆ ಸಿಕ್ಕಿಲ್ಲ. ಇನ್ನೊಂದು ಪ್ರಶ್ನೆ ನೆಲಕ್ಕೆ ಹಾಸುವ ಬಿಲ್ಲೆಗಳದ್ದು: ಒಂದೇ ಆಕಾರದ ಬಿಲ್ಲೆಯಿಂದ ಸಂದಿಲ್ಲದೆ ನೆಲ ತುಂಬಬೇಕು, ಆದರೆ ಹೇಗೆ ಜೋಡಿಸಿದರೂ ವಿನ್ಯಾಸ ಎಂದೂ ಮರುಕಳಿಸುವಂತಿರಬಾರದು, ಅಂಥ ಆಕಾರ ಇದೆಯೇ? ದಶಕಗಳ ಕಾಲ ಕಾಡಿದ ಈ ಪ್ರಶ್ನೆಗೆ 2022ರಲ್ಲಿ ಉತ್ತರ ಹುಡುಕಿದವರು ಇಂಗ್ಲೆಂಡಿನ ಡೇವಿಡ್ ಸ್ಮಿತ್. ಮುದ್ರಣ ಕೆಲಸದಿಂದ ನಿವೃತ್ತರಾಗಿದ್ದ ಹವ್ಯಾಸಿ. ಆಕಾರಗಳನ್ನು ಜೋಡಿಸಿ ಆಡುತ್ತಿದ್ದಾಗ 13 ಬಾಹುಗಳ, ಟೋಪಿಯಂಥ ಆಕಾರವೊಂದು ಅವರ ಕೈಗೆ ಸಿಕ್ಕಿತು. ಮೂವರು ತಜ್ಞರ ಜೊತೆ ಸೇರಿ 2023ರ ಮಾರ್ಚಿನಲ್ಲಿ ಅದರ ಸಾಧನೆ ಪ್ರಕಟಿಸಿದರು. ಕೆಲವು ಬಿಲ್ಲೆಗಳನ್ನು ಮಗುಚಿ ಹಾಕಬೇಕಲ್ಲ ಎಂಬ ಆಕ್ಷೇಪ ಬಂದಾಗ, ಕೆಲವೇ ತಿಂಗಳಲ್ಲಿ ಅದೇ ನಾಲ್ವರು ಮಗುಚುವ ಅಗತ್ಯವೇ ಇಲ್ಲದ ಇನ್ನೊಂದು ಆಕಾರವನ್ನೂ ಮುಂದಿಟ್ಟರು.