ಕಲ್ಲುದಾರಿಯ ಸೈಕಲ್ ಪ್ರವಾಸವೂ ಶಕ್ತಿಯ ಲೆಕ್ಕವೂ

ಬೈಸಿಕಲ್ಲನ್ನು ಅರಿಯದವರು ಯಾರು? ಅದರ ಮೇಲೆ ಶಾಲೆಗೆ, ಪೇಟೆಗೆ, ಹೊಲಕ್ಕೆ ಹೋಗಿಬರುವವರು ಅಸಂಖ್ಯರು. ಆದರೆ ಡಾಂಬರು ರಸ್ತೆಯನ್ನು ಬಿಟ್ಟು ಗುಡ್ಡಗಾಡಿನ ಕಚ್ಚಾ ದಾರಿಗೆ ತಿರುಗಿದೊಡನೆ ಈ ಪರಿಚಿತ ವಾಹನವೇ ಅಪರಿಚಿತವೆನಿಸುತ್ತದೆ. ಬಯಲಿನಲ್ಲಿ ಆಟದಂತಿದ್ದ ಸವಾರಿ ಇಲ್ಲಿ ಶ್ರಮವಾಗುತ್ತದೆ. ಒಮ್ಮೊಮ್ಮೆ ಅಪಾಯವೂ ಆಗುತ್ತದೆ. ಇದಕ್ಕೆ ಕಾರಣವೇನು? ಕಳೆದ ಡಿಸೆಂಬರಿನಲ್ಲಿ ನಾವೂ ನಮ್ಮ ಮಿತ್ರರೊಬ್ಬರೂ ಬಾಬಾ ಬುಡನ್‌ಗಿರಿ ಶ್ರೇಣಿಯಲ್ಲಿ ಮೂರು ದಿನಗಳ ಸೈಕಲ್ ಪ್ರವಾಸ ಕೈಗೊಂಡಾಗ ಈ ಪ್ರಶ್ನೆಗೆ ಉತ್ತರವನ್ನು ಮೈಮುರಿದು ಕಲಿಯಬೇಕಾಯಿತು. ಮೂರು ದಿನಗಳ ಪಾಠವೂ ಒಂದೇ: ಶಕ್ತಿಯ ಲೆಕ್ಕದಲ್ಲಿ ಪ್ರಕೃತಿ ಯಾರಿಗೂ ರಿಯಾಯಿತಿ ತೋರುವುದಿಲ್ಲ.

ಮೊದಲನೆಯ ದಿನ ಚಿಕ್ಕಮಗಳೂರಿನಿಂದ ಹೊರಟು ಬಾಬಾ ಬುಡನ್‌ಗಿರಿಯನ್ನು ಏರಿ, ಹಿಂದಿರುಗಿ ಅತ್ತಿಗುಂಡಿಯಲ್ಲಿ ತಂಗುವುದು. ಎರಡನೆಯ ದಿನ ಅಲ್ಲಿಂದ ಬೆಟ್ಟಗಳ ನಡುವಿನ ಕಚ್ಚಾ ದಾರಿಯಲ್ಲಿ ಕೆಮ್ಮಣ್ಣುಗುಂಡಿಯನ್ನು ಸೇರುವುದು. ಮೂರನೆಯ ದಿನ ಲಿಂಗದಹಳ್ಳಿಯ ಮೂಲಕ ತರೀಕೆರೆಗೆ ಇಳಿಯುವುದು—ಇದು ನಮ್ಮ ಯೋಜನೆ. ದೂರ ಹೆಚ್ಚೇನೂ ಅಲ್ಲ. ಬಯಲುಸೀಮೆಯಲ್ಲಾದರೆ ಒಂದೇ ದಿನದಲ್ಲಿ ಮುಗಿಸಬಹುದಾದ ಹಾದಿ.

ಏರುದಾರಿಯ ಬೆಲೆ

ಚಿಕ್ಕಮಗಳೂರು ಸಮುದ್ರಮಟ್ಟದಿಂದ ಸುಮಾರು 1,090 ಮೀಟರ್ ಎತ್ತರದಲ್ಲಿದೆ. ಬಾಬಾ ಬುಡನ್‌ಗಿರಿಯ ಎತ್ತರ ಸುಮಾರು 1,890 ಮೀಟರ್. ಅಂದರೆ ಮೊದಲನೆಯ ದಿನ ನಾವು 800 ಮೀಟರ್ ಮೇಲೇರಬೇಕಾಗಿತ್ತು. ಸವಾರ, ಸೈಕಲ್ಲು, ಗಂಟುಮೂಟೆ ಎಲ್ಲವೂ ಸೇರಿ 90 ಕಿಲೋಗ್ರಾಂ ಎಂದಿಟ್ಟುಕೊಳ್ಳೋಣ. ಈ ಭಾರವನ್ನು 800 ಮೀಟರ್ ಎತ್ತಲು ಮಾಡಬೇಕಾದ ಕೆಲಸ ಸುಮಾರು 7 ಲಕ್ಷ ಜೂಲ್. ಆಹಾರದ ಲೆಕ್ಕದಲ್ಲಿ ಹೇಳುವುದಾದರೆ ಇದು ಸುಮಾರು 170 ಕಿಲೊಕೆಲೊರಿ. ಎರಡು ಬಾಳೆಹಣ್ಣುಗಳಿಗಿಂತ ಕಡಿಮೆ!

ಹಾಗಾದರೆ ಎರಡು ಬಾಳೆಹಣ್ಣು ತಿಂದು ಗಿರಿಯನ್ನೇರಬಹುದೆ? ಸಾಧ್ಯವಿಲ್ಲ. ಏಕೆಂದರೆ ನಮ್ಮ ಸ್ನಾಯುಗಳು ತಾವು ಪಡೆದ ಶಕ್ತಿಯಲ್ಲಿ ಹೆಚ್ಚೆಂದರೆ ನಾಲ್ಕನೆಯ ಒಂದು ಭಾಗವನ್ನು ಮಾತ್ರ ಕೆಲಸವನ್ನಾಗಿ ಪರಿವರ್ತಿಸಬಲ್ಲವು. ಉಳಿದ ಮುಕ್ಕಾಲು ಪಾಲು ಉಷ್ಣವಾಗಿ ಹೋಗುತ್ತದೆ. ಆದುದರಿಂದ 170 ಕಿಲೊಕೆಲೊರಿಯ ಏರಿಗೆ ದೇಹವು ತೆರಬೇಕಾದುದು ಸುಮಾರು 680. ಇದರ ಮೇಲೆ ನೆಲದ ತಡೆ, ಗಾಳಿಯ ತಡೆಗಳ ತೆರಿಗೆ ಬೇರೆ.

ಉಷ್ಣವಾಗಿ ಪರಿಣಮಿಸಿದ ಆ 500 ಕಿಲೊಕೆಲೊರಿಗಳೂ ಸುಮ್ಮನಿರುವುದಿಲ್ಲ. ಅವನ್ನು ಹೊರಹಾಕದಿದ್ದರೆ ಮೈ ಜ್ವರ ಬಂದಂತೆ ಕಾಯುತ್ತದೆ. ಹೊರಹಾಕುವ ಮುಖ್ಯ ಉಪಾಯ ಬೆವರು. ಒಂದು ಲೀಟರ್ ಬೆವರು ಆವಿಯಾಗುವಾಗ ಸುಮಾರು 24 ಲಕ್ಷ ಜೂಲ್ ಉಷ್ಣವನ್ನು ಹೀರಿಕೊಳ್ಳುತ್ತದೆ. ಬೆವರೊಂದೇ ಈ ಕೆಲಸವನ್ನು ಮಾಡುವುದಾದರೆ, ನಮ್ಮ ಏರಿಗೆ ಮುಕ್ಕಾಲು ಲೀಟರಿಗೂ ಮಿಕ್ಕಿ ನೀರು ಚರ್ಮದಿಂದ ಆವಿಯಾಗಬೇಕು. ಚಳಿಗಾಲದಲ್ಲಿಯೂ ಏರುದಾರಿಯ ಸವಾರನಿಗೆ ನೀರಿನ ಬಾಟಲಿ ಏಕೆ ಬೇಕೆಂಬುದು ಈಗ ಸ್ಪಷ್ಟವಾಗುತ್ತದೆ.

ಹಲ್ಲುಚಕ್ರಗಳು ಮಾಡುವುದೇನು?

ನಮ್ಮ ಸೈಕಲ್ಲುಗಳು ಗೇರುಗಳುಳ್ಳವು. ಸಾಮಾನ್ಯ ಸೈಕಲ್ಲಿನಲ್ಲಿ ಮುಂದಿನ ಹಲ್ಲುಚಕ್ರಕ್ಕೆ 44 ಹಲ್ಲುಗಳೂ ಹಿಂದಿನದಕ್ಕೆ 18 ಹಲ್ಲುಗಳೂ ಇದ್ದರೆ, ಪೆಡಲನ್ನು ಒಂದು ಸುತ್ತು ತುಳಿದಾಗ ಹಿಂಬದಿಯ ಗಾಲಿ ಸುಮಾರು ಎರಡೂವರೆ ಸುತ್ತು ತಿರುಗಿ, ಐದು ಮೀಟರಿಗೂ ಹೆಚ್ಚು ದೂರ ಸಾಗುತ್ತದೆ. ನಮ್ಮ ಸೈಕಲ್ಲಿನಲ್ಲಿ ಮುಂದೆ 32, ಹಿಂದೆ 34 ಹಲ್ಲುಗಳನ್ನು ಆರಿಸಿಕೊಂಡಾಗ ಒಂದು ತುಳಿತಕ್ಕೆ ಎರಡು ಮೀಟರ್ ಮಾತ್ರ. ದೂರ ಕಡಿಮೆಯಾದಷ್ಟೂ ಕಾಲು ಒತ್ತಬೇಕಾದ ಬಲವೂ ಕಡಿಮೆಯಾಗುತ್ತದೆ. ಆದರೆ ಅದೇ ಎತ್ತರವನ್ನು ಏರಲು ಹೆಚ್ಚು ಸಲ ತುಳಿಯಬೇಕು. ಗೇರು ಬಲವನ್ನು ಉಳಿಸಿಕೊಡುತ್ತದೆಯೇ ಹೊರತು ಕೆಲಸವನ್ನಲ್ಲ.

ಗೇರು ಎಷ್ಟೇ ಹಗುರವಾಗಿದ್ದರೂ ಒಂದು ಮಿತಿಯಿದೆ. ಹೆಚ್ಚಿನ ಅಭ್ಯಾಸವಿಲ್ಲದ ಆರೋಗ್ಯವಂತನು ಗಂಟೆಗಟ್ಟಲೆ ನೀಡಬಲ್ಲ ಸಾಮರ್ಥ್ಯ ಸುಮಾರು 100 ವಾಟ್, ಅಂದರೆ ಒಂದು ಅಶ್ವಶಕ್ತಿಯ ಏಳನೆಯ ಒಂದು ಭಾಗದಷ್ಟು. ನೂರು ಮೀಟರಿಗೆ ಹತ್ತು ಮೀಟರ್ ಏರುವ ಕಲ್ಲುದಾರಿಯಲ್ಲಿ ಇಷ್ಟು ಸಾಮರ್ಥ್ಯಕ್ಕೆ ದೊರಕುವ ವೇಗ ಗಂಟೆಗೆ ಮೂರೂವರೆ ಕಿಲೋಮೀಟರಿಗಿಂತ ಹೆಚ್ಚಿಲ್ಲ. ಇದು ನಡಿಗೆಗಿಂತಲೂ ನಿಧಾನ. ಈ ವೇಗದಲ್ಲಿ ಸೈಕಲ್ಲನ್ನು ಬೀಳದಂತೆ ನಡೆಸುವುದೇ ಕಷ್ಟ. ಅಂತಹ ಕಡೆ ಇಳಿದು ತಳ್ಳುವುದು ಸೋಲಲ್ಲ, ಲೆಕ್ಕ ಬಲ್ಲವರ ಜಾಣತನ. ನಾವೂ ಹಲವೆಡೆ ತಳ್ಳಿಕೊಂಡೇ ನಡೆದೆವು.

ಕಲ್ಲೂ ಟಯರೂ

ಎರಡನೆಯ ದಿನ ಅತ್ತಿಗುಂಡಿಯನ್ನು ಬಿಟ್ಟ ಮೇಲೆ ನಿಜವಾದ ಕಲ್ಲುದಾರಿ ಎದುರಾಯಿತು. ಒಂದು ಕಡೆ ಹುಲ್ಲುಗಾವಲಿನ ಬೋಳುಬೆಟ್ಟ, ಇನ್ನೊಂದು ಕಡೆ ಕಣಿವೆಯಲ್ಲಿ ಅಡಗಿದ ಶೋಲಾ ಕಾಡು. ನಡುವೆ ಜೀಪುಗಳ ಗಾಲಿ ಕೊರೆದ ಕೆಂಪು ಮಣ್ಣಿನ ಹಾದಿ. ಈ ಕೆಂಪು ಬಣ್ಣಕ್ಕೆ ಕಾರಣ ಕಬ್ಬಿಣದ ಆಕ್ಸೈಡು. ಕೆಮ್ಮಣ್ಣುಗುಂಡಿಗೆ ಆ ಹೆಸರು ಬಂದುದೂ ಇದರಿಂದಲೇ. 1923ರಲ್ಲಿ ಉತ್ಪಾದನೆ ಆರಂಭಿಸಿದ ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ಅದಿರು ಹೋಗುತ್ತಿದ್ದುದು ಈ ಬೆಟ್ಟಗಳಿಂದಲೇ.

ಹೊರಡುವ ಮೊದಲು ನಾವು ಟಯರುಗಳ ಗಾಳಿಯನ್ನು ಅರ್ಧದಷ್ಟು ಬಿಟ್ಟೆವು. ನೋಡುತ್ತಿದ್ದ ಹುಡುಗನೊಬ್ಬನು, “ಗಾಳಿ ಬಿಟ್ಟರೆ ತುಳಿಯೋದು ಕಷ್ಟ ಆಗಲ್ವಾ ಸಾರ್?” ಎಂದು ಕೇಳಿದನು. ಪ್ರಶ್ನೆ ಯೋಗ್ಯವಾದುದು. ನಯವಾದ ರಸ್ತೆಯಲ್ಲಿ ಅವನ ಮಾತು ಸರಿ: ಮೆತ್ತಗಿನ ಟಯರು ಪ್ರತಿ ಸುತ್ತಿನಲ್ಲಿಯೂ ಹೆಚ್ಚು ಬಾಗಿ ಶಕ್ತಿಯನ್ನು ನುಂಗುತ್ತದೆ. ಆದರೆ ಕಲ್ಲಿನ ಮೇಲೆ ಲೆಕ್ಕ ತಲೆಕೆಳಗಾಗುತ್ತದೆ. ಗಟ್ಟಿಯಾದ ಟಯರು ಕಲ್ಲನ್ನು ಹತ್ತಿದಾಗ ಸೈಕಲ್ಲೂ ಸವಾರನೂ ಒಟ್ಟಿಗೆ ಮೇಲಕ್ಕೆ ಎಗರಬೇಕು. ಮುಂದಕ್ಕೆ ಹೋಗಬೇಕಾಗಿದ್ದ ಶಕ್ತಿ ಮೇಲಕ್ಕೆ ಹೋಗಿ, ಕೆಳಗೆ ಬಿದ್ದಾಗ ಮೈಕೈ ಕುಲುಕುವುದರಲ್ಲಿ ಮುಗಿದುಹೋಗುತ್ತದೆ. ಮೆತ್ತಗಿನ ಟಯರಾದರೋ ಕಲ್ಲನ್ನು ತನ್ನೊಳಗೆ ಅಡಗಿಸಿಕೊಂಡು, ಸವಾರನನ್ನು ಹೆಚ್ಚು ಎತ್ತದೆ ಮುಂದೆ ಸಾಗುತ್ತದೆ. ಗಾಳಿ ತುಂಬಿದ ಟಯರಿನ ಮಹತ್ವ ಇರುವುದೇ ಇಲ್ಲಿ. 1888ರಲ್ಲಿ ಅದಕ್ಕೆ ಪೇಟೆಂಟು ಪಡೆದ ಜಾನ್ ಬಾಯ್ಡ್ ಡನ್ಲಪ್ ವೃತ್ತಿಯಿಂದ ಪಶುವೈದ್ಯ. ತನ್ನ ಮಗನ ಮೂರು ಗಾಲಿಯ ಸೈಕಲ್ಲು ಕುಲುಕದೆ ಓಡಲೆಂದೇ ಅವನು ಈ ಪ್ರಯೋಗಕ್ಕೆ ಕೈಹಾಕಿದ್ದನು.

ಇನ್ನೊಂದು ಲಾಭವೂ ಉಂಟು. ಒಂದು ಗಾಲಿಯ ಮೇಲೆ 45 ಕಿಲೋಗ್ರಾಂ ಭಾರವಿದ್ದು ಗಾಳಿಯ ಒತ್ತಡ 60 ಪೌಂಡು ಇದ್ದರೆ, ಟಯರು ನೆಲವನ್ನು ಮುಟ್ಟುವ ಜಾಗ ಸುಮಾರು 11 ಚದರ ಸೆಂಟಿಮೀಟರ್. ಒತ್ತಡವನ್ನು 30 ಪೌಂಡಿಗೆ ಇಳಿಸಿದರೆ ಆ ಜಾಗ ಎರಡರಷ್ಟಾಗುತ್ತದೆ. ಸಡಿಲ ಮಣ್ಣಿನಲ್ಲಿ ಗಾಲಿ ಹೂತುಹೋಗದೆ ಹಿಡಿತ ಸಾಧಿಸುವುದು ಇದರಿಂದಲೇ. ಆದರೆ ಗಾಳಿ ತೀರ ಕಡಿಮೆಯಾದರೆ ಕಲ್ಲಿಗೂ ರಿಮ್ಮಿಗೂ ನಡುವೆ ಟ್ಯೂಬು ಸಿಕ್ಕಿ ಹರಿಯುವುದು. ಎಷ್ಟು ಟಯರು ಮೆತ್ತಗಿದ್ದರೂ ಕಲ್ಲುದಾರಿಯ ತಡೆಯು ಒಳ್ಳೆಯ ಡಾಂಬರಿನ ತಡೆಯ ನಾಲ್ಕೈದು ಪಟ್ಟು ಆಗುವುದು ಅಪರೂಪವಲ್ಲ. ಈ ಹೆಚ್ಚಳವನ್ನು ಕಟ್ಟಿಕೊಡಬೇಕಾದುದು ಕಾಲಿನ ಸ್ನಾಯುಗಳು.

ನಡುದಾರಿಯಲ್ಲಿ ನಿಂತ ಯಂತ್ರ

ಆ ಮಧ್ಯಾಹ್ನ ನಡೆದ ಸಂಗತಿಯನ್ನು ನಾವು ಸಂಕೋಚದಿಂದಲೇ ಹೇಳಬೇಕಾಗಿದೆ. ನಮ್ಮ ಮಿತ್ರರು ಹಿಂದಿನ ರಾತ್ರಿ ಆಯಾಸದಿಂದ ಸರಿಯಾಗಿ ಊಟ ಮಾಡಿರಲಿಲ್ಲ. ಬೆಳಗ್ಗೆ, ಹೊಟ್ಟೆ ಹಗುರವಾಗಿರಲೆಂದು, ಕಾಫಿ ಮಾತ್ರ ಕುಡಿದು ಹೊರಟಿದ್ದರು. ದಾರಿಯಲ್ಲಿ ಒಂದೆರಡು ಬಾರಿ, “ಏನಾದರೂ ತಿನ್ನೋಣವೇ?” ಎಂದು ಅವರು ಕೇಳಿದುದುಂಟು. ತಿಂಡಿಯ ಚೀಲವಿದ್ದುದು ನಮ್ಮ ಸೈಕಲ್ಲಿನ ಮೇಲೆ. “ಈ ಏರು ಮುಗಿಯಲಿ, ಆಮೇಲೆ ನೋಡೋಣ” ಎಂದು ನಾವು ಹೇಳುತ್ತ ಬಂದೆವು. ಒಂದು ಏರಿನ ಹಿಂದೆ ಇನ್ನೊಂದು ಏರಿತ್ತು.

ಕೊನೆಗೆ ಒಂದು ತಿರುವಿನಲ್ಲಿ ಹಿಂದಿರುಗಿ ನೋಡಿದರೆ ಅವರು ಸೈಕಲ್ಲನ್ನು ಕೆಡವಿ ದಾರಿಯ ಅಂಚಿನಲ್ಲಿ ಕುಳಿತಿದ್ದರು. ಕೈಗಳು ನಡುಗುತ್ತಿದ್ದವು, ಹಣೆಯಲ್ಲಿ ತಣ್ಣನೆಯ ಬೆವರು. ಶಾಂತ ಸ್ವಭಾವದ ಅವರು ಸಿಡುಕಿನಿಂದ, “ನೀವು ಹೋಗಿ, ನಾನು ಬರಲಾರೆ” ಎಂದರು. ಕಣಿವೆಯಿಂದ ಮಂಜು ಮೇಲೇರುತ್ತಿತ್ತು, ಮೊಬೈಲಿಗೆ ಸಂಪರ್ಕವಿರಲಿಲ್ಲ. ಇವರಿಗೆ ಅಭ್ಯಾಸ ಸಾಲದು, ಮನಸ್ಸೂ ಗಟ್ಟಿಯಿಲ್ಲ ಎಂಬ ಆಲೋಚನೆಯೇ ಮೊದಲು ನಮ್ಮ ತಲೆಯಲ್ಲಿ ಸುಳಿಯಿತು. ಅದು ಎಂತಹ ತಪ್ಪೆಂಬುದು ಸ್ವಲ್ಪ ಹೊತ್ತಿನಲ್ಲಿಯೇ ತಿಳಿಯಿತು.

ನಮ್ಮ ದೇಹದಲ್ಲಿ ಇಂಧನ ಎರಡು ಬಗೆಯಾಗಿ ಸಂಗ್ರಹವಾಗಿರುತ್ತದೆ. ಒಂದು ಕೊಬ್ಬು. ಇದು ತೆಳ್ಳಗಿನವರಲ್ಲಿಯೂ ಹಲವು ಕಿಲೋಗ್ರಾಂ ಇದ್ದು, ಗ್ರಾಂಗೆ ಸುಮಾರು 9 ಕಿಲೊಕೆಲೊರಿ ಶಕ್ತಿಯನ್ನು ಕೊಡಬಲ್ಲದು. ಇನ್ನೊಂದು ಗ್ಲೈಕೊಜೆನ್. ಇದು ನಾವು ತಿಂದ ಅನ್ನ, ರಾಗಿ, ಬೆಲ್ಲಗಳ ಸಕ್ಕರೆಯಿಂದ ದೇಹವೇ ಕಟ್ಟಿಕೊಳ್ಳುವ ಪಿಷ್ಟದಂತಹ ಪದಾರ್ಥ. ಇದು ಸ್ನಾಯುಗಳಲ್ಲಿ ಸುಮಾರು 400 ಗ್ರಾಂ, ಯಕೃತ್ತಿನಲ್ಲಿ ಸುಮಾರು 100 ಗ್ರಾಂ ಇರುವುದು. ಒಟ್ಟು 2,000 ಕಿಲೊಕೆಲೊರಿಯಷ್ಟು ಮಾತ್ರ. ಕೊಬ್ಬು ಕಣಜದ ಭತ್ತವಿದ್ದಂತೆ: ಬೇಕಾದಷ್ಟಿದೆ, ಆದರೆ ಕುಟ್ಟಿ ಕೇರಿ ಅಡಿಗೆಮನೆಗೆ ತರಲು ಹೊತ್ತು ಹಿಡಿಯುತ್ತದೆ. ಗ್ಲೈಕೊಜೆನ್ ಮಡಕೆಯ ಅಕ್ಕಿಯಂತೆ: ಕೈಗೆ ಕೂಡಲೇ ದೊರಕುತ್ತದೆ, ಬೇಗ ಮುಗಿಯುತ್ತದೆ. ಶ್ರಮ ತೀವ್ರವಾದಷ್ಟೂ ಸ್ನಾಯುಗಳು ಮಡಕೆಗೇ ಕೈಹಾಕುತ್ತವೆ.

ರಕ್ತದ ಸಕ್ಕರೆಯನ್ನು ಕಾಪಾಡುವ ಹೊಣೆ ಯಕೃತ್ತಿನದು. ನಾವು ನಿದ್ರಿಸುವಾಗಲೂ ಅದು ತನ್ನ ಸಂಗ್ರಹದಿಂದ ಸಕ್ಕರೆಯನ್ನು ಒದಗಿಸುತ್ತಿರುವುದರಿಂದ, ಬೆಳಗಾಗುವ ಹೊತ್ತಿಗೆ ಅಲ್ಲಿನ ಮಡಕೆ ಬಹುಪಾಲು ಬರಿದಾಗಿರುತ್ತದೆ. ಹಿಂದಿನ ದಿನ ಗಿರಿಯನ್ನೇರಿ, ರಾತ್ರಿ ಅರೆಹೊಟ್ಟೆಯಲ್ಲಿದ್ದು, ಬೆಳಗ್ಗೆ ಏನೂ ತಿನ್ನದವರ ಸ್ಥಿತಿ ಹೇಗಿರಬೇಡ? ಮಿದುಳು ಕೊಬ್ಬನ್ನು ನೇರವಾಗಿ ಉರಿಸಲಾರದು; ಸಾಮಾನ್ಯವಾಗಿ ಅದರ ಆಹಾರ ರಕ್ತದಲ್ಲಿನ ಗ್ಲೂಕೋಸ್. ಅದು ಕಡಿಮೆಯಾದಾಗ ಕೈನಡುಕ, ತಣ್ಣನೆಯ ಬೆವರು, ಸಿಡುಕು, ನಿರಾಶೆ, ಮಂಕುಬುದ್ಧಿ ಕಾಣಿಸಿಕೊಳ್ಳುತ್ತವೆ. ನಮ್ಮ ಮಿತ್ರರ “ಬರಲಾರೆ” ಎಂಬ ಮಾತು ಅವರ ಧೈರ್ಯದ ಮಾತಾಗಿರಲಿಲ್ಲ. ಹಸಿದ ಮಿದುಳಿನ ಮಾತಾಗಿತ್ತು.

ಚೀಲದಿಂದ ಬೆಲ್ಲ, ಬಾಳೆಹಣ್ಣು, ಹುರಿದ ಕಡಲೆಕಾಯಿ ತೆಗೆದು ಕೊಟ್ಟೆವು. ಉಪ್ಪು ಸಕ್ಕರೆ ಬೆರೆಸಿದ ನೀರು ಕುಡಿಸಿದೆವು. ಬೆಲ್ಲದ ಸಕ್ಕರೆ ಬೇಗ ರಕ್ತವನ್ನು ಸೇರುತ್ತದೆ. ಕಡಲೆಕಾಯಿ ನಿಧಾನವಾಗಿ ಒದಗುತ್ತದೆ. ಇಪ್ಪತ್ತು ನಿಮಿಷಗಳೊಳಗೆ ಅವರ ಮುಖದಲ್ಲಿ ಕಳೆ ಬಂದಿತು. ಅರ್ಧ ಗಂಟೆ ವಿಶ್ರಮಿಸಿದ ಮೇಲೆ ಎದ್ದು ನಿಂತು, “ಇದನ್ನೇ ಒಂದು ಗಂಟೆಯ ಹಿಂದೆ ಕೊಟ್ಟಿದ್ದರೆ ಏನು ಹೋಗುತ್ತಿತ್ತು?” ಎಂದು ನಕ್ಕರು. ನಮ್ಮ ಬಳಿ ಉತ್ತರವಿರಲಿಲ್ಲ. ಅನಂತರ ಪ್ರತಿ ಮುಕ್ಕಾಲು ಗಂಟೆಗೊಮ್ಮೆ ಹಸಿವಾಗಲಿ ಆಗದಿರಲಿ ಸ್ವಲ್ಪ ತಿನ್ನುತ್ತ, ಅವರನ್ನು ಮುಂದೆ ಬಿಟ್ಟು ಅವರ ವೇಗದಲ್ಲಿಯೇ ನಾವೂ ಸಾಗಿ, ಕತ್ತಲಾಗುವ ಮೊದಲು ಕೆಮ್ಮಣ್ಣುಗುಂಡಿಯನ್ನು ಸೇರಿದೆವು.

ಇಳಿಜಾರಿನ ಸಾಲ

ಮೂರನೆಯ ದಿನ ಇಳಿತ. ಕೆಮ್ಮಣ್ಣುಗುಂಡಿಯ ಎತ್ತರ ಸುಮಾರು 1,430 ಮೀಟರ್. ಅಲ್ಲಿಂದ ತಪ್ಪಲಿನ ಬಯಲಿಗೆ ಸುಮಾರು 600 ಮೀಟರ್ ಇಳಿಯಬೇಕು. ಏರುವಾಗ ದುಡಿದು ಕೂಡಿಟ್ಟ ಶಕ್ತಿ ಈಗ ಹಿಂದಿರುಗುತ್ತದೆ: 90 ಕಿಲೋಗ್ರಾಂ ಭಾರಕ್ಕೆ ಐದು ಲಕ್ಷ ಜೂಲಿಗೂ ಹೆಚ್ಚು. ಒಂದೂವರೆ ಲೀಟರ್ ತಣ್ಣೀರನ್ನು ಕುದಿಯುವವರೆಗೆ ಕಾಯಿಸಲು ಇಷ್ಟು ಉಷ್ಣ ಸಾಕು. ಒಂದು ಪಾಲು ಗಾಳಿಗೂ ನೆಲಕ್ಕೂ ಹೋದರೂ, ನಿಧಾನವಾಗಿ ಇಳಿಯುವವನ ಬ್ರೇಕುಗಳ ಮೇಲೆ ಬೀಳುವ ಪಾಲು ದೊಡ್ಡದು. ಬ್ರೇಕನ್ನು ಬಿಡದೆ ಹಿಡಿದೇ ಇದ್ದರೆ ಅದು ಕಾದು, ಹಿಡಿತ ಕುಗ್ಗಬಹುದು. ಆದುದರಿಂದ ತಿರುವಿಗೆ ಮೊದಲೇ ಬಲವಾಗಿ ಹಿಡಿದು ವೇಗ ತಗ್ಗಿಸಿ, ನೇರದಾರಿಯಲ್ಲಿ ಬಿಟ್ಟು, ಬ್ರೇಕು ತಣಿಯಲು ಅವಕಾಶ ಕೊಡಬೇಕು. ಬ್ರೇಕು ಹಿಡಿದಾಗ ಭಾರ ಮುಂದಿನ ಗಾಲಿಯ ಕಡೆಗೆ ವಾಲುವುದರಿಂದ ಮುಂದಿನ ಬ್ರೇಕಿನ ಶಕ್ತಿ ಹೆಚ್ಚು. ಆದರೆ ಸಡಿಲ ಜಲ್ಲಿಯ ಮೇಲೆ ಅದನ್ನು ಥಟ್ಟನೆ ಹಿಡಿದರೆ ಗಾಲಿ ಜಾರಿ ಸವಾರ ನೆಲಕ್ಕುರುಳುತ್ತಾನೆ. ನಾವು ಎರಡು ಕಡೆ ನಿಂತು ಬ್ರೇಕುಗಳನ್ನು ತಣಿಸಿ, ಮಧ್ಯಾಹ್ನಕ್ಕೆ ಮೊದಲೇ ಲಿಂಗದಹಳ್ಳಿಯನ್ನೂ ಅಲ್ಲಿಂದ ತರೀಕೆರೆಯನ್ನೂ ತಲುಪಿದೆವು.

ಇಂತಹ ಪ್ರವಾಸಕ್ಕೆ ಹೊರಡಬೇಕೆಂಬ ಆಸೆ ನಮ್ಮ ತರುಣ ಓದುಗರಲ್ಲಿ ಹುಟ್ಟಿದರೆ ಸಂತೋಷ. ಕಾಡಿನ ದಾರಿಗೆ ಅನುಮತಿ ಬೇಕೆ ಎಂದು ಅರಣ್ಯ ಇಲಾಖೆಯವರನ್ನು ಮೊದಲೇ ವಿಚಾರಿಸಿರಿ, ಹೋಗುವ ದಾರಿಯನ್ನು ಮನೆಯವರಿಗೆ ತಿಳಿಸಿರಿ, ಒಬ್ಬರೇ ಹೋಗಬೇಡಿ. ಪಂಪು, ಟ್ಯೂಬು, ನೀರು ಜೊತೆಗಿರಲಿ. ಇಬ್ಬರಲ್ಲಿ ಬಲವಂತರಾದವರು ಹಿಂದೆ ಇರಲಿ. ಎಲ್ಲಕ್ಕಿಂತ ಮುಖ್ಯವಾಗಿ, ತಿಂಡಿಯನ್ನು ಒಂದೇ ಚೀಲದಲ್ಲಿ ಕಟ್ಟಬೇಡಿ. ಪ್ರತಿಯೊಬ್ಬರ ಜೇಬಿನಲ್ಲಿಯೂ ಒಂದು ಅಚ್ಚು ಬೆಲ್ಲವಿರಲಿ.