ನೆಲಮಾಳಿಗೆಯಲ್ಲಿ ಮೂಡಿದ ವಸಂತ

ವಾಷಿಂಗ್ಟನ್ ಎಂದೊಡನೆ ಶ್ವೇತಭವನವೂ ಅಮೃತಶಿಲೆಯ ಸ್ಮಾರಕಗಳೂ ಕಣ್ಣಮುಂದೆ ಸುಳಿಯುತ್ತವೆ. ಆದರೆ ಪೊಟೋಮ್ಯಾಕ್ ನದಿಯ ಆಚೆ ದಡದ ಆರ್ಲಿಂಗ್ಟನ್ನಿನಲ್ಲಿ ಡಾನ್ ಝಿಯೆಂಟಾರಾ ಎಂಬವರ ಮನೆಯ ನೆಲಮಾಳಿಗೆಯೊಂದಿತ್ತು. ಅಲ್ಲಿದ್ದ ಪುಟ್ಟ ಧ್ವನಿಮುದ್ರಣಾಲಯಕ್ಕೆ 'ಇನ್ನರ್ ಇಯರ್', ಅಂದರೆ ಒಳಗಿವಿ, ಎಂದು ಹೆಸರು. ೧೯೮೫ರ ಫೆಬ್ರವರಿಯಲ್ಲಿ ನಾಲ್ವರು ತರುಣರು ಅಲ್ಲಿ ಹಾಡಿ ನುಡಿಸಿದ ಹನ್ನೆರಡು ಹಾಡುಗಳು ಒಂದು ಹೊಸ ಸಂಗೀತಮಾರ್ಗಕ್ಕೇ ಮೂಲವಾದವು.

ತಂಡದ ಹೆಸರು 'ರೈಟ್ಸ್ ಆಫ್ ಸ್ಪ್ರಿಂಗ್'. ೧೯೧೩ರಲ್ಲಿ ಪ್ಯಾರಿಸ್ಸಿನ ಪ್ರೇಕ್ಷಕರು ಗದ್ದಲವೆಬ್ಬಿಸಿದ ಸ್ಟ್ರಾವಿನ್‌ಸ್ಕಿಯ ನೃತ್ಯರೂಪಕವನ್ನು ನೆನಪಿಸುವ ಹೆಸರು. ಗೈ ಪಿಚಿಯೊಟ್ಟೊ ಹಾಡುಗಾರ. ಆಗ ಅವನಿಗೆ ಹತ್ತೊಂಬತ್ತು ವರ್ಷ. ಎಡ್ಡಿ ಜ್ಯಾನಿ ಗಿಟಾರನ್ನೂ, ಮೈಕ್ ಫೆಲೋಸ್ ಬಾಸ್ ಗಿಟಾರನ್ನೂ, ಬ್ರೆಂಡನ್ ಕ್ಯಾಂಟಿ ಡ್ರಮ್ಮನ್ನೂ ನುಡಿಸಿದರು.

ರೋಷದಿಂದ ಕಣ್ಣೀರಿಗೆ

ಆ ನಗರದಲ್ಲಿ ಅದುವರೆಗೆ ಮೆರೆದದ್ದು 'ಹಾರ್ಡ್‌ಕೋರ್ ಪಂಕ್'. ಒಂದೆರಡು ನಿಮಿಷದ ಹಾಡು, ಮಿಂಚಿನ ವೇಗ, ಸಮಾಜದ ಮೇಲೆ ಸಿಡಿಯುವ ರೋಷ. ಬರಬರುತ್ತಾ ಕಛೇರಿಗಳಲ್ಲಿ ಹಾಡಿಗಿಂತ ಹೊಡೆದಾಟವೇ ಹೆಚ್ಚಾಯಿತು. ಹಳಬರು ಬೇಸತ್ತು ದೂರ ಸರಿದರು. ಇಂಥ ಹೊತ್ತಿನಲ್ಲಿ ಈ ನಾಲ್ವರು ಅದೇ ಅಬ್ಬರವನ್ನು ಉಳಿಸಿಕೊಂಡು ಅದರ ಗುರಿಯನ್ನು ಒಳಮುಖವಾಗಿಸಿದರು. ಮುರಿದ ಸ್ನೇಹ, ಕಳೆದುಹೋದ ಕಾಲ, ತನ್ನ ಮೇಲೆ ತನಗೇ ಇರುವ ಸಂಶಯ ಇವೇ ಹಾಡಿನ ವಸ್ತುಗಳಾದವು. ಪಿಚಿಯೊಟ್ಟೊವಿನ ಕಂಠ ಕೂಗುತ್ತ ಕೂಗುತ್ತಲೇ ಒಡೆಯುತ್ತದೆ. ಕೊನೆಯ ಹಾಡಂತೂ ಏಳು ನಿಮಿಷಕ್ಕೂ ಮೀರಿ ಹರಿಯುತ್ತದೆ. ಗಂಡಸು ಅಳಬಾರದೆಂಬ ಕಟ್ಟಳೆ ಪಂಕ್ ಗುಂಪಿನಲ್ಲೂ ಬಿಗಿಯಾಗಿಯೇ ಇತ್ತು. ಅದನ್ನು ಸಭೆಯ ನಡುವೆಯೇ ಮುರಿಯಲು ಎದೆಗಾರಿಕೆ ಬೇಡವೇ?

ಇಯಾನ್ ಮೆಕಾಯ್ ಈ ಧ್ವನಿಮುದ್ರಣದ ಮೇಲ್ವಿಚಾರಣೆ ವಹಿಸಿದ. ಗೆಳೆಯರೊಡನೆ ೧೯೮೦ರಲ್ಲಿ ಆತ ಸ್ಥಾಪಿಸಿದ್ದ 'ಡಿಸ್ಕಾರ್ಡ್' ಸಂಸ್ಥೆಯೇ ತಂಡದ ಹೆಸರಿನಲ್ಲಿ ಆ ತಟ್ಟೆಯನ್ನು ಹೊರತಂದಿತು. ಅದೇ ಬೇಸಗೆಯಲ್ಲಿ ಇತರ ತಂಡಗಳೂ ಹೊಸ ಹಾದಿ ಹಿಡಿದವು. ಪಂಕ್ ತರುಣರು ದಕ್ಷಿಣ ಆಫ್ರಿಕದ ರಾಯಭಾರ ಕಚೇರಿಯ ಮುಂದೆ ತಾಳವಾದ್ಯ ಬಾರಿಸಿ ವರ್ಣಭೇದವನ್ನು ಪ್ರತಿಭಟಿಸಿದರು. ಅದಕ್ಕೆ 'ಕ್ರಾಂತಿಯ ಬೇಸಗೆ' ಎಂಬ ಹೆಸರೇ ಉಳಿಯಿತು.

ಒಲ್ಲದ ಬಿರುದು

ತಂಡದ ಆಯುಷ್ಯ ಮಾತ್ರ ಅಲ್ಪ. ವೇದಿಕೆಯ ಮೇಲೆ ಮೈಮರೆತು ವಾದ್ಯಗಳನ್ನೇ ಒಡೆದುಹಾಕುತ್ತಿದ್ದ ಇವರು ಕೊಟ್ಟ ಕಛೇರಿಗಳು ಬೆರಳೆಣಿಕೆಯಷ್ಟು. ೧೯೮೬ರ ಆರಂಭದಲ್ಲಿ ತಂಡ ಚದುರಿತು. ಬಳಿಕ ಪಿಚಿಯೊಟ್ಟೊ ಮತ್ತು ಕ್ಯಾಂಟಿ ಮೆಕಾಯ್‌ನೊಡನೆ 'ಫುಗಾಜಿ' ತಂಡದಲ್ಲಿ ಕೂಡಿ ಲೋಕಪ್ರಸಿದ್ಧರಾದರು.

ಇವರ ಸಂಗೀತಕ್ಕೆ ಇತರರು ಇಟ್ಟ ಹೆಸರು 'ಎಮೋ'. ಭಾವ ಎಂಬರ್ಥದ ಇಂಗ್ಲಿಷ್ ಮಾತಿನ ಮೊಟಕು ರೂಪ. ಮುಂದೆ ಲಕ್ಷಾಂತರ ತಟ್ಟೆಗಳನ್ನು ಮಾರಿದ ಆ ಬಿರುದನ್ನು ಪಿಚಿಯೊಟ್ಟೊ ಎಂದೂ ಒಪ್ಪಲಿಲ್ಲ. ಭಾವವಿಲ್ಲದ ಸಂಗೀತವುಂಟೇ ಎಂಬುದು ಅವನ ತಕರಾರು. ಸಂಗೀತಪ್ರಿಯರಾರೂ ಅದನ್ನು ಅಲ್ಲಗಳೆಯಲಾರರು.