ಕೆಂಪು ತಾಮ್ರ ಕಪ್ಪಾಗುವ ಬಗೆ

ತಾಳವಾಡಿಯ ಮಕ್ಕಳಿಗೆ ಚೆಂಬು ಎಂದರೆ ಮನೆಯ ನೀರಿನ ಪಾತ್ರೆ. ತಮಿಳಿನ ‘ಸೆಂಬು’ ಎಂದರೆ ತಾಮ್ರವೂ ಹೌದು. ಗಂಧಕವೂ ಕೃಷಿಕರ ಮನೆಗೆ ಹೊಸತಲ್ಲ. ಬೂದಿರೋಗ ತಗುಲಿದ ಬೆಳೆಗೆ ಅದೇ ಮದ್ದು.

ಇವೆರಡನ್ನೂ ಪ್ರನಾಳದಲ್ಲಿಟ್ಟು ಕಾಯಿಸಿದರೆ ಗಂಧಕವು ಸುಮಾರು 115 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಿ, ಮತ್ತಷ್ಟು ಕಾದು ಕಂದು ಅಂಟಾಗಿ, ಕೊನೆಗೆ ಆವಿಯಾಗುತ್ತದೆ. ಆ ಆವಿ ಸೋಕಿದ ಬಿಸಿ ತಾಮ್ರವು ಕೆಂಡದಂತೆ ಹೊಳೆಯುತ್ತದೆ. ಜ್ವಾಲೆಯನ್ನು ಸರಿಸಿದರೂ ಆ ಹೊಳಪು ಒಡನೆ ಆರದು. ಸಂಯೋಗವೇ ಶಾಖವನ್ನು ಹೊರಸೂಸುತ್ತಿರುತ್ತದೆ. ಹಾಗೆ ಬಾಗುತ್ತಿದ್ದ ತಂತಿ ಈಗ ಕಪ್ಪಾಗಿ, ಬಾಗಿಸಿದರೆ ಪುಡಿಯಾಗುತ್ತದೆ. ಅದು ತಾಮ್ರದ ಸಲ್ಫೈಡ್. ತಾಮ್ರವೂ ಅಲ್ಲ, ಗಂಧಕವೂ ಅಲ್ಲ. ಅದರಲ್ಲಿ 127 ಗ್ರಾಂ ತಾಮ್ರಕ್ಕೆ 32 ಗ್ರಾಂ ಗಂಧಕವೆಂಬ ಲೆಕ್ಕ. ಹೊಲಕ್ಕೆ ಬಳಸುವ ನೀಲಿ ಮೈಲುತುತ್ತವನ್ನು ಇದೆಂದು ಭಾವಿಸಬಾರದು. ಅದರಲ್ಲಿ ಆಮ್ಲಜನಕವೂ ಸೇರಿದೆ.

ಈ ಪ್ರಯೋಗ ಅಡುಗೆಮನೆಯದಲ್ಲ. ಗಾಳಿಯಲ್ಲಿ ಉರಿದ ಗಂಧಕದಿಂದ ಹೊಮ್ಮುವ ಸಲ್ಫರ್ ಡೈಆಕ್ಸೈಡ್ ಕಣ್ಣುರಿಸಿ ಉಸಿರು ಕಟ್ಟಿಸುತ್ತದೆ. ಉಬ್ಬಸವಿರುವ ಮಗುವಿಗೆ ಅಪಾಯ ಇನ್ನೂ ಹೆಚ್ಚು. ಗಾಳಿಯಾಡುವ ಪ್ರಯೋಗಶಾಲೆಯಲ್ಲಿ, ಸ್ವಲ್ಪವೇ ಪ್ರಮಾಣದಲ್ಲಿ, ಶಿಕ್ಷಕರೇ ಮಾಡಿ ತೋರಿಸಬೇಕು.

ಭೂಗರ್ಭದಲ್ಲಿ ಈ ನಂಟು ಬಹು ಹಳೆಯದು. ಚಿತ್ರದುರ್ಗದ ಬಳಿಯ ಇಂಗಳದಾಳದ ಗಣಿಯಿಂದ ತೆಗೆದ ಚಾಲ್ಕೋಪೈರೈಟ್ ಅದಿರಿನಲ್ಲಿ ತಾಮ್ರ, ಕಬ್ಬಿಣ, ಗಂಧಕ ಮೂರೂ ಬೆಸೆದಿವೆ. ಅಂಥ ಅದಿರಿನಿಂದ ತಾಮ್ರ ಬೇಕೆಂದರೆ ಪ್ರನಾಳದ ದಾರಿಯನ್ನು ಹಿಂದುಮುಂದಾಗಿ ನಡೆಯಬೇಕು: ಕುಲುಮೆಗೆ ಗಾಳಿ ಊದಿ ಗಂಧಕವನ್ನು ಸುಟ್ಟು ಬೇರ್ಪಡಿಸಬೇಕು. ಆಗ ಏಳುವ ಅನಿಲವನ್ನು ಬಾನಿಗೆ ಬಿಡದೆ ಹಿಡಿದಿಟ್ಟರೆ ಅದರಿಂದ ಗಂಧಕಾಮ್ಲ ತಯಾರಾಗುತ್ತದೆ.